ಒಂಬತ್ತು ಮನೆಯ ಪುಟ್ಟಲಕ್ಷ್ಮಮ್ಮ

ನಾವು ಸಭೆ ಸೇರಿದಾಗಲೆಲ್ಲ ಪುಟ್ಟಲಕ್ಷ್ಮಮ್ಮನವರು ಮೂಲೆಯಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದರು. ಯಾರಾದರೂ ಅಭಿಪ್ರಾಯ ಕೇಳಿದರೆ, "ನೀವು ಮಾತಾಡ್ಕಳಿ ಸ್ವಾಮಿ, ನಂದು ಮುಗೀತಾ ಬಂತು" ಎನ್ನುತ್ತಿದ್ದರು.

ಹೂಟಗಳ್ಳಿಯ ಕಾರ್ಖಾನೆಗಳನ್ನು ದಾಟಿ ಅರ್ಧ ಗಂಟೆ ಹೋದರೆ ಸಿಗುವ ಜಮೀನಿನಲ್ಲಿ, ಒಟ್ಟಿಗೆ ಬದುಕೋಣವೆಂದು ಮೈಸೂರಿನ ಒಂಬತ್ತು ಮನೆಯವರು ನೆಲೆಸಿದ್ದೆವು. ಒಂದೇ ಹೊಲ, ಒಂದೇ ಅಡುಗೆಮನೆ, ಎಲ್ಲರಿಗೂ ಸಮಪಾಲು ಕೆಲಸ. ನಾನು ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳಿದವಳು. ಉಳಿದವರೂ ನನ್ನಂಥವರೇ. ಮಂಡಿ ಮೊಹಲ್ಲಾದಲ್ಲಿ ಊದುಬತ್ತಿ ಹೊಸೆದು ಬಂದಿದ್ದ ಪುಟ್ಟಲಕ್ಷ್ಮಮ್ಮ ಒಬ್ಬರೇ ರೈತರ ಮನೆಯಲ್ಲಿ ಹುಟ್ಟಿದವರು.

ಮೊದಲ ವರ್ಷ ರಾಗಿ ಯಾವಾಗ ಬಿತ್ತಬೇಕೆಂದು ಮೂರು ಸಂಜೆ ಚರ್ಚಿಸಿದೆವು. ನಾಲ್ಕನೆಯ ಬೆಳಗ್ಗೆ ಎದ್ದು ನೋಡಿದರೆ ನೆಲ ನೆನೆದಿತ್ತು, ಪುಟ್ಟಲಕ್ಷ್ಮಮ್ಮ ಬೀಜದ ಪುಟ್ಟಿ ಹಿಡಿದು ಹೊಲದಲ್ಲಿದ್ದರು. "ಇನ್ನೂ ತೀರ್ಮಾನ ಆಗಿಲ್ಲವಲ್ಲ" ಎಂದೆ. "ಮಳೆ ಬಂದಾಯ್ತು ಕಣಮ್ಮ. ಮೀಟಿಂಗ್‌ಗೆ ಬಾ ಅಂತ ಅದುಕ್ಕೂ ಚೀಟಿ ಕಳ್ಸಿದ್ರಾ?" ಸೀರೆ ಎತ್ತಿ ಕಟ್ಟಿಕೊಂಡು ನಾನೂ ಇಳಿದೆ.

ಕಳೆ ತೆಗೆಯುವ ದಿನ ನನ್ನ ಸಾಲು ನೋಡಿ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಮೇಡಮ್ಮು ರಾಗಿ ಕಿತ್ತು ಹುಲ್ಲು ಸಾಕ್ತಾವ್ರೆ. ಓಗ್ಲಿ ಬುಡಿ, ಹಸುಗಾದ್ರೂ ಸಂತೋಷ." ಆಮೇಲೆ ಪಕ್ಕದಲ್ಲೇ ಕೂತು ಒಂದೊಂದೇ ಪೈರು ಗುರುತಿಸಲು ಕಲಿಸಿದರು. ಚಳಿಗಾಲದಲ್ಲಿ ಅವರೆಕಾಯಿ ಸುಲಿಯಲು ಕೂತರೆ ಎಲ್ಲರ ಮನೆಯ ಗುಟ್ಟೂ ಸಿಪ್ಪೆಯ ಜೊತೆ ಹೊರಬರುತ್ತಿತ್ತು. ಒಂದನ್ನೂ ಅವರು ಇನ್ನೊಬ್ಬರ ಕಿವಿಗೆ ಹಾಕಲಿಲ್ಲ.

ಎರಡನೆಯ ವರ್ಷ ನಮ್ಮ ಒಂಬತ್ತು ಮನೆಯ ಸಂಸಾರ ಒಡೆಯುವುದರಲ್ಲಿತ್ತು. ಡಾಕ್ಟರ್ ಜಯಣ್ಣ ಅಡುಗೆಯ ಸರದಿ ತಪ್ಪಿಸಿದರೆಂದು ಬ್ಯಾಂಕಿನಲ್ಲಿದ್ದ ಶ್ರೀಕಂಠಯ್ಯ ಎಲ್ಲರೆದುರು ಚುಚ್ಚಿ ಮಾತಾಡಿದರು. ತಿಂಗಳು ಕಳೆದರೂ ಇಬ್ಬರಿಗೂ ಮಾತಿಲ್ಲ. ಇಬ್ಬರೂ ಬಿಟ್ಟುಹೋಗುತ್ತೇವೆ ಎಂದರು; ಉಳಿದ ಮನೆಗಳೂ ಎರಡು ಪಾಲಾದವು. ಆಗಲೇ, ಕೊಯ್ದ ರಾಗಿ ಹೊಲದಲ್ಲಿ ಬಿದ್ದಿರುವಾಗ, ಮೋಡ ಕವಿಯಿತು.

ಪುಟ್ಟಲಕ್ಷ್ಮಮ್ಮ ರಾಗಿ ಕಂತೆ ಒಟ್ಟಲು ಜಯಣ್ಣನವರನ್ನು ಮೆದೆಯ ಮೇಲೆ ಹತ್ತಿಸಿದರು. ಕೆಳಗಿನಿಂದ ಕಂತೆ ಎಸೆಯಲು ಶ್ರೀಕಂಠಯ್ಯನವರನ್ನು ನಿಲ್ಲಿಸಿದರು. "ಒಬ್ರು ಎಸೀರಿ, ಒಬ್ರು ಇಡೀರಿ. ಮಾತಾಡ್ಬೇಕು ಅಂತೇನಿಲ್ಲ."

ಮೊದಲ ಕಂತೆ ಮೆದೆಯನ್ನೇ ದಾಟಿ ಬಿತ್ತು. ಎರಡನೆಯದು ಜಯಣ್ಣನವರ ಮುಖಕ್ಕೆ ಬಡಿಯಿತು. ಅವರು ಹುಲ್ಲು ಉಗುಳಿ, "ಸ್ವಲ್ಪ ಎಡಕ್ಕೆ ಎಸೀರಿ" ಎಂದರು. ಶ್ರೀಕಂಠಯ್ಯ ಎಡಕ್ಕೆ ಎಸೆದರು. ಮಳೆಯ ಮೊದಲ ಹನಿ ಬೀಳುವಷ್ಟರಲ್ಲಿ ಮೆದೆಗೆ ಟಾರ್ಪಾಲು ಹೊದಿಸಿಯಾಗಿತ್ತು. ಸಂಜೆ ಅವರಿಬ್ಬರೂ ಸೇರಿ ಪಾತ್ರೆ ತೊಳೆದರು. ಯಾರೂ ಬಿಟ್ಟುಹೋಗಲಿಲ್ಲ.

ಬಿಟ್ಟುಹೋದದ್ದು ಪುಟ್ಟಲಕ್ಷ್ಮಮ್ಮನವರೇ. ಮೈಸೂರಿನ ಕುಂಬಾರಕೊಪ್ಪಲಿನಲ್ಲಿದ್ದ ಅಕ್ಕ ಬಿದ್ದು ಸೊಂಟ ಮುರಿದುಕೊಂಡಾಗ ನೋಡಿಕೊಳ್ಳಲು ಹೋದರು. ವರ್ಷವಾದರೂ ಬರಲಿಲ್ಲ. ಈ ಬೇಸಿಗೆಯಲ್ಲಿ ಎಲ್ಲರೂ ಸಭೆ ಸೇರಿ, ಅವರನ್ನು ಕರೆತರಲು ನನ್ನನ್ನು ಕಳಿಸಿದರು.

ನಾನು ಹೋದಾಗ ಅಕ್ಕನ ಮನೆಯ ತಾರಸಿಯಲ್ಲಿ ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರು ಸಂಡಿಗೆ ಇಡುತ್ತಿದ್ದರು. ಅಕ್ಕ ಕುರ್ಚಿಯಲ್ಲಿ ಕೂತು ಕೋಲಿನಿಂದ ಕಾಗೆ ಓಡಿಸುತ್ತಿದ್ದರು. "ಇವ್ರು ಬರೋವರ್ಗೂ, ವರ್ಷಗಟ್ಲೆ ಒಂದೇ ಬೀದೀಲಿದ್ರೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರ್ಲಿಲ್ಲ ಕಣ್ರೀ" ಎಂದು ಅವರಲ್ಲೊಬ್ಬಾಕೆ ನನಗೆ ಹೇಳಿದಳು. ಪುಟ್ಟಲಕ್ಷ್ಮಮ್ಮ ತಲೆ ಎತ್ತಿ, "ಬಂದ್ರಾ ಮೇಡಮ್ಮು? ಕೈ ತೊಳ್ಕಬನ್ನಿ" ಎಂದು ಹಿಟ್ಟಿನ ಪಾತ್ರೆ ನನ್ನತ್ತ ಸರಿಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಹಾಸಿದ್ದ ಎರಡು ಪಂಚೆ ತುಂಬಿದವು. ಪುಟ್ಟಲಕ್ಷ್ಮಮ್ಮ ಮೆಟ್ಟಿಲ ತನಕ ಬಂದು, "ಏನೋ ಹೇಳಕ್ಕೆ ಬಂದಂಗಿತ್ತು?" ಎಂದರು.

"ಏನಿಲ್ಲ, ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ."

ವಾಪಸು ಬಂದಾಗ ಎಲ್ಲರೂ ಗೇಟಿನ ಬಳಿ ಕಾಯುತ್ತಿದ್ದರು. "ಯಾವಾಗ ಬರ್ತಾರಂತೆ?" ಎಂದು ಶ್ರೀಕಂಠಯ್ಯ ಕೇಳಿದರು.

"ನಾನು ಕರೆಯಲಿಲ್ಲ" ಎಂದು ಹೇಳಿ, ಉಗುರಿನ ಸಂದಿಯಲ್ಲಿ ಒಣಗಿದ್ದ ಹಿಟ್ಟು ತೊಳೆಯಲು ಹೋದೆ.