ಗಾಡಿ ಧನಶೇಖರನ ಕುಂಬಳಕಾಯಿ

ನಮ್ಮ ಬೀದಿಯಲ್ಲಿ ‘ಗಾಡಿ’ ಎಂಬ ಮಾತಿಗೆ ಯಾವ ಕಾಲಕ್ಕೆ ಯಾವ ಅರ್ಥ ಎಂದು ತಿಳಿಯಲು ಧನಶೇಖರನ ಮನೆ ಮುಂದೆ ಏನು ನಿಂತಿದೆ ಎಂದು ನೋಡಿದರೆ ಸಾಕಿತ್ತು. ಅವನ ಹತ್ತಿರ ಇರುವುದು ಗಾಡಿ. ಉಳಿದವರ ಹತ್ತಿರ ಇರುವುದು ಹಳೇ ಸಾಮಾನು.

ಸೇಲಂ ಪೇಟೆಯ ಅಂಚಿನಲ್ಲಿ ಕನ್ನಡ ಮಾತಾಡುವ ನೇಕಾರರ ಬೀದಿ ನಮ್ಮದು. ಹೊರಗೆ ಹೋದರೆ ತಮಿಳು, ಒಳಗೆ ಬಂದರೆ ನಮ್ಮ ಮಾತು. ಹಾಗಾಗಿ ಹೊರಗೆ ವಂಡಿ, ಒಳಗೆ ಗಾಡಿ. ಧನಶೇಖರನ ಅಪ್ಪನ ಕಾಲದಲ್ಲಿ ಗಾಡಿ ಎಂದರೆ ನೂಲಿನ ಮೂಟೆ ತರುತ್ತಿದ್ದ ಎತ್ತಿನ ಗಾಡಿ. ಜಂಕ್ಷನ್ನಿಗೆ ಹೊರಟವರ ಬಾಯಲ್ಲಿ ಅದು ರೈಲು. ಸಂಜೆ ಹೊತ್ತು ಬೀದಿ ತುದಿಗೆ ಬರುತ್ತಿದ್ದ ಕಡಲೆಕಾಯಿಯವನು ತಳ್ಳಿಕೊಂಡು ಬರುತ್ತಿದ್ದದ್ದೂ ಗಾಡಿಯೇ. ಹೇಗಿದ್ದೀಯಪ್ಪ ಎಂದು ಯಾರಾದರೂ ವಿಚಾರಿಸಿದರೆ ಧನಶೇಖರನ ಅಪ್ಪ ಮಗ್ಗದ ಕುಣಿಯೊಳಗಿಂದ ತಲೆ ಎತ್ತಿ, ಗಾಡಿ ಓಡ್ತಾ ಐತೆ ಎನ್ನುತ್ತಿದ್ದ. ಆ ಗಾಡಿಯಲ್ಲಿ ಹೆಂಡತಿ, ಮಕ್ಕಳು, ನೂಲು, ಗಂಜಿ, ಮಂಡಿನೋವು ಎಲ್ಲ ಇದ್ದವು. ಒಂದೇ ಮಾತು ಅಷ್ಟು ಜನಕ್ಕೆ, ಅಷ್ಟು ಕೆಲಸಕ್ಕೆ ಆಗಿಬರುತ್ತಿತ್ತು. ಅದನ್ನು ಪೂರ್ತಿಯಾಗಿ ಬಾಚಿಕೊಂಡು ತನ್ನ ಹೆಸರಿಗೆ ಮಾಡಿಕೊಂಡವನು ಆ ಮುದುಕನ ಮಗ.

ನಾನು ಎದುರುಮನೆಯವನು. ನನ್ನ ಮಗ್ಗಕ್ಕೆ ಬೆಳಕು ಬರುವ ಕಿಟಕಿಯಿಂದ ಅವನ ಬಾಗಿಲು ಕಾಣುತ್ತದೆ, ಬೇಡವೆಂದರೂ ಕಾಣುತ್ತದೆ. ಧನಶೇಖರ ಹತ್ತನೇ ಕ್ಲಾಸು ಫೇಲಾಗಿ ಮಗ್ಗಕ್ಕೆ ಕೂತ. ಒಂದು ವೇಷ್ಟಿ, ಅಂದರೆ ಪಂಚೆ, ನೇಯ್ದು ಮುಗಿಯುವುದರೊಳಗೆ ಅವನಿಗೆ ಸೊಂಟ ಹಿಡಿಯಿತು, ಇನ್ನೊಂದು ಮುಗಿಯುವುದರೊಳಗೆ ಕಣ್ಣು ಮಂಜಾಯಿತು. ಆಮೇಲೆ ಬಾಡಿಗೆ ಸೈಕಲ್ ಹಿಡಿದು ನೂಲು ಕಮಿಷನ್ ಎಂದು ತಿರುಗಿದ. ಸೊಂಟ ತಕ್ಷಣ ಸರಿಹೋಯಿತು. ಆಗ ಎತ್ತಿನ ಗಾಡಿಯನ್ನು ಗಾಡಿ ಎನ್ನುವವರನ್ನು ಕಂಡರೆ ನಗುತ್ತಿದ್ದ. ಎತ್ತಿಗೆ ಕಟ್ಟಿದ್ದು ಕಟ್ಟಿಗೆ ಎನ್ನುತ್ತಿದ್ದ. ತೊಂಬತ್ತೊಂದರಲ್ಲಿ ಹಳೇ ಮೊಪೆಡ್ ಬಂತು. ಅಂದಿನಿಂದ ಸೈಕಲ್ಲು ಬೊಂಬೆಯಾಯಿತು. ಮೊಪೆಡ್ ಕೆಟ್ಟು ನಿಂತಾಗ ತಳ್ಳಿಕೊಂಡು ಬರುತ್ತಿದ್ದವನು, ಯಾರಾದರೂ ಕಂಡರೆ, ಗಾಡಿಗೆ ಸ್ವಲ್ಪ ರೆಸ್ಟ್ ಕೊಟ್ಟಿದ್ದೀನಿ ಎನ್ನುತ್ತಿದ್ದ. ಬಸ್‌ಸ್ಟ್ಯಾಂಡಿನ ಪೋಕರಿಗಳ ಜೊತೆ ಸೇರಿ, ದಾರಿಯಲ್ಲಿ ಹೋಗುವ ಹುಡುಗಿಯರಿಗೂ ಗಾಡಿ ಎಂಬ ಅದೇ ಮಾತು ಅಂಟಿಸುವುದನ್ನು ಕಲಿತ. ಅವನಿಗೆ ಆಗಲೇ ಮದುವೆಯಾಗಿ ಮಗುವಿತ್ತು. ನಾಚಿಕೆ ಎಂಬುದನ್ನು ಅವನು ಮಗ್ಗದ ಕುಣಿಯಲ್ಲೇ ಬಿಟ್ಟು ಎದ್ದಿದ್ದ.

ಅದೇ ಕುಣಿಗೆ ಇಳಿದವಳು ಅವನ ಅಕ್ಕ ಚೆಲ್ಲಮ್ಮ. ಗಂಡ ಸತ್ತ ಮೇಲೆ ಮಗಳು ಇಂದುಜಾಳನ್ನು ಕಟ್ಟಿಕೊಂಡು ತವರಿಗೆ ಬಂದಳು. ಅಪ್ಪ ತೀರಿಕೊಂಡ ಮೇಲೆ ಮನೆಯ ನಡುವೆ ಗೋಡೆ ಎದ್ದಿತು. ಬೀದಿಗೆ ತೆರೆದ ದೊಡ್ಡ ಜಗಲಿ ತಮ್ಮನಿಗೆ ಬಂತು, ಗಾಡಿ ನಿಲ್ಲಿಸಬೇಕಲ್ಲ. ಮಗ್ಗವಿದ್ದ ಕತ್ತಲೆ ಕೋಣೆ ಅಕ್ಕನಿಗೆ. ಅವಳು ಜಗಳವಾಡಲಿಲ್ಲ. ಬೆಳಗಿನಿಂದ ಲಾಳಿಯ ಸದ್ದು ಕೇಳುತ್ತಿತ್ತು, ಅಷ್ಟೆ. ನಮ್ಮ ಕಡೆ ಬಿಳಿ ರೇಷ್ಮೆ ವೇಷ್ಟಿಗೆ ಹೆಸರು. ಅವಳ ವೇಷ್ಟಿಯ ಅಂಚು ನೋಡಿ ವ್ಯಾಪಾರಿಗಳು ಯಾರದ್ದೆಂದು ಕೇಳದೆ ಗುರುತು ಹಿಡಿಯುತ್ತಿದ್ದರು. ತಮ್ಮ ಮಾತ್ರ ಅದನ್ನು ಒಂದು ದಿನ ಕೈಯಲ್ಲಿ ಹಿಡಿದು ನೋಡಿದವನಲ್ಲ. ಮಗ್ಗದ ಕುಣಿಯಲ್ಲಿ ಕೂರುವ ನಮ್ಮನ್ನೆಲ್ಲ ಸೇರಿಸಿ ಅವನು ‘ಗುಂಡಿಯವರು’ ಎಂದು ಕರೆಯುತ್ತಿದ್ದ.

ತೊಂಬತ್ತಾರರಲ್ಲಿ ಇಂದುಜಾಳಿಗೆ ಓಮಲೂರಿನ ಹುಡುಗನೊಬ್ಬ ಗೊತ್ತಾದ. ಅವನೂ ನೇಕಾರರ ಮನೆಯವನೇ. ಚೆಲ್ಲಮ್ಮನ ಮನೆತನದಲ್ಲಿ ಒಂದು ಪದ್ಧತಿ ಇದೆ: ಮದುಮಗ ಉಡುವ ವೇಷ್ಟಿಯನ್ನು ಹುಡುಗಿಯ ತಾಯಿ ತನ್ನ ಮಗ್ಗದಲ್ಲೇ ನೇಯಬೇಕು. ಅದೇ ಹಾಸಿನಿಂದ, ಅಂದರೆ ಅದೇ ಉದ್ದೆಳೆಗಳಿಂದ, ಎರಡನೆಯ ವೇಷ್ಟಿಯೊಂದು ಸೋದರಮಾವನಿಗೆ. ಸೋದರಮಾವ ಅದನ್ನುಟ್ಟು ಹುಡುಗಿಯ ಕೈ ಹಿಡಿದು ಚಪ್ಪರಕ್ಕೆ ಕರೆತರಬೇಕು. ಅಂಗಡಿಯಿಂದ ತಂದ ಬಟ್ಟೆ ನಡೆಯುವುದಿಲ್ಲ. ಗಂಡನಿಲ್ಲದವಳು, ಕೊಡಲು ಬೇರೆ ಏನೂ ಇಲ್ಲದವಳು. ಆ ಎರಡು ವೇಷ್ಟಿಗಳಲ್ಲಿ ತನ್ನ ಮಾನವೆಲ್ಲ ಇದೆ ಎಂದು ಚೆಲ್ಲಮ್ಮ ನಂಬಿದ್ದಳು. ಒಳ್ಳೆಯ ರೇಷ್ಮೆಯನ್ನು ಎಳೆಎಳೆಯಾಗಿ ಆರಿಸಿ ಹಾಸು ಮಾಡಿಸಿದಳು.

ಹಾಸನ್ನು ಮಗ್ಗಕ್ಕೆ ಏರಿಸುವ ಮುಂಚೆ ಬೀದಿಯಲ್ಲಿ ಉದ್ದಕ್ಕೆ ಕಟ್ಟಿ ಗಂಜಿ ಹಾಕಬೇಕು. ನಾವು ಇದಕ್ಕೆ ಪಾವು ಹಾಕುವುದು ಎನ್ನುತ್ತೇವೆ. ಬೆಳಕು ಹರಿಯುವ ಹೊತ್ತಿಗೆ ಕವೆಗೋಲು ನೆಟ್ಟು, ಎಳೆಗಳನ್ನು ಬಿಗಿದು, ಇಡೀ ಬೀದಿ ಎರಡೂ ಕಡೆ ನಿಂತು ಕುಂಚದಿಂದ ಗಂಜಿ ಸವರುತ್ತದೆ, ಹರಿದ ಎಳೆ ಕಟ್ಟುತ್ತದೆ, ಅಂಟಿದ ಎಳೆ ಬಿಡಿಸುತ್ತದೆ. ಬಿಸಿಲು ಏರುವುದರೊಳಗೆ ಮುಗಿಸದಿದ್ದರೆ ಎಲ್ಲ ಒಣಗಿ ಹಪ್ಪಳ. ಪಾವು ಬೀದಿಯಲ್ಲಿರುವಷ್ಟು ಹೊತ್ತು ಯಾವ ಗಾಡಿಯೂ ಒಳಗೆ ಬರುವಂತಿಲ್ಲ. ಸೈಕಲ್ಲಿನವನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಗೋಡೆಗೆ ಒತ್ತಿಕೊಂಡು ದಾಟುತ್ತಾನೆ. ಹಾಲಿನವನು ತುದಿಯಲ್ಲೇ ನಿಲ್ಲುತ್ತಾನೆ. ಹೆಣ ಹೊತ್ತವರು ಕೂಡ ಹಿಂದಿನ ಓಣಿಯಲ್ಲಿ ಸುತ್ತಿಕೊಂಡು ಹೋದದ್ದನ್ನು ನಾನು ಕಂಡಿದ್ದೇನೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹುಟ್ಟಿದ ಮಗುವಿಗೂ ಗೊತ್ತು.

ಧನಶೇಖರನಿಗೆ ಮಾತ್ರ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು, ತನಗಲ್ಲ ಎಂದುಕೊಂಡಿದ್ದ. ಆ ಸೋಮವಾರವೇ ಅವನ ಹೊಸ ವ್ಯಾನು ಬರುವುದಿತ್ತು. ಹೊಸದೆಂದರೆ ಅವನಿಗೆ ಹೊಸದು. ಅದಕ್ಕೆ ಮೊದಲು ಪಾಪಿರೆಡ್ಡಿಪಟ್ಟಿಯಲ್ಲಿ ಯಾರದ್ದೋ ಟೊಮೆಟೊ ಹೊತ್ತು ಹೊತ್ತು ಅದರ ಹಲಗೆಗಳು ಕೊಳೆತಿದ್ದವು. ಏಳೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಮನೆ ಮುಂದೆ ಪೂಜೆ ಆಗಬೇಕು ಎಂದು ಜೋಯಿಸ ಹೇಳಿದ್ದನಂತೆ. ಅಕ್ಕ ಪಾವಿನ ದಿನವನ್ನು ವಾರದ ಮುಂಚೆಯೇ ತಿಳಿಸಿದ್ದಳು. ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಾವು ಅರ್ಧ ಗಂಜಿ ಮುಗಿಸಿದ್ದೆವು. ಬೀದಿಯ ತುದಿಯಲ್ಲಿ ಹಾರನ್ ಕೇಳಿಸಿತು. ಸೇವಂತಿಗೆ ಹಾರ ಹಾಕಿಕೊಂಡ ವ್ಯಾನು, ಸ್ಟಿಯರಿಂಗ್ ಹಿಂದೆ ಕೂಲಿಂಗ್ ಗ್ಲಾಸು ಹಾಕಿಕೊಂಡ ಧನಶೇಖರ. ಬೆಳಗಿನ ಆರೂವರೆಗೆ ಕೂಲಿಂಗ್ ಗ್ಲಾಸು. ಬೀದಿಗೆಲ್ಲ ಹಿರಿಯರಾದ ಮುತ್ತುಸ್ವಾಮಿ ಕುಂಚ ಕೆಳಗಿಟ್ಟು, ಹಾಸಿನ ಕೊನೆಯ ಕವೆಗೋಲಿನ ಮುಂದೆ ಕೈಯಗಲಿಸಿ ನಿಂತರು. ತುದಿಯಲ್ಲಿ ಪಿಳ್ಳೆಯಾರ್ ಗಣಪನ ಗುಡಿ ಇದೆಯಲ್ಲ, ಅಲ್ಲೇ ಪೂಜೆ ಮಾಡಿಕೋ, ಬಿಸಿಲೇರಿದ ಮೇಲೆ ಮನೆಗೆ ತಾ ಎಂದರು. ಅವನು ಕೇಳಲಿಲ್ಲ. ಕವೆಗೋಲು ಕಿತ್ತು ಹಾಸನ್ನು ನೆಲಕ್ಕೆ ಬಿಡಿ, ಎರಡು ಗಾಲಿಯ ನಡುವೆ ಬಿಟ್ಟುಕೊಂಡು ಗಾಡಿ ತರುತ್ತೇನೆ ಎಂದ. ನೇಕಾರನ ಹೊಟ್ಟೆಯಲ್ಲಿ ಹುಟ್ಟಿದವನು ಆಡುವ ಮಾತೇ ಇದು? ಗಂಜಿ ಹಸಿ ಇರುವ ರೇಷ್ಮೆಯನ್ನು ಮಣ್ಣಿಗೆ ಬಿಡಬೇಕಂತೆ, ಟೊಮೆಟೊ ವ್ಯಾನು ದಾಟುವುದಕ್ಕೆ.

ಮುತ್ತುಸ್ವಾಮಿ ಅಲುಗಲಿಲ್ಲ. ಕೊನೆಗೆ ಧನಶೇಖರ ಕವೆಗೋಲಿಗೆ ಮೂತಿ ತಾಗುವ ಹಾಗೆ ವ್ಯಾನು ನಿಲ್ಲಿಸಿ ಇಳಿದ. ಅಲ್ಲಿಂದ ಅವನ ಜಗಲಿ ಕಾಣುತ್ತಿತ್ತು. ಹೆಂಡತಿ ಅಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಬೂದುಗುಂಬಳಕಾಯಿಯ ಹೊಟ್ಟೆ ಕೊರೆದು, ಕುಂಕುಮ ಸುಣ್ಣ ಕಲಸಿದ ಕೆಂಪು ನೀರು ತುಂಬಿ, ಮೇಲೆ ಕರ್ಪೂರ ಹಚ್ಚಿದ. ಚೆಲ್ಲಮ್ಮ ಕುಂಚ ಹಿಡಿದೇ ಹತ್ತಿರ ಬಂದು, ಆ ಕಡೆ ತಿರುಗಿ ಒಡಿ ಎಂದು ಕೇಳಿಕೊಂಡಳು.

“ಗಾಡಿ ಮುಂದೇನೇ ಒಡೀಬೇಕಕ್ಕ,” ಎಂದ. “ಗುಂಡೀಲಿ ಕೂತೋರಿಗೆ ಇದೆಲ್ಲ ಎಲ್ಲಿ ಗೊತ್ತಾಯ್ತದೆ.”

ವ್ಯಾನಿಗೆ ಮೂರು ಸುತ್ತು ನಿವಾಳಿಸಿ, ಕೈ ಎತ್ತಿ, ತಾಕತ್ತೆಲ್ಲ ಹಾಕಿ ಕಾಯನ್ನು ನೆಲಕ್ಕೆ ಅಪ್ಪಳಿಸಿದ. ಅವನ ಜೀವನದಲ್ಲಿ ಅವನು ಮೈಬಗ್ಗಿಸಿ ಮಾಡಿದ ಕೆಲಸ ಅದೊಂದೇ ಇರಬೇಕು. ಕೆಂಪು ನೀರು, ತಿರುಳು, ಬೀಜ ಎಲ್ಲ ಹಾರಿ ಹಾಸಿನ ಆ ತುದಿಯ ಮೇಲೆ ಬಿತ್ತು. ಹಸಿ ಬಿಳಿ ರೇಷ್ಮೆ ಅದನ್ನು ಕುಡಿದುಬಿಟ್ಟಿತು. ಚೆಲ್ಲಮ್ಮ ಸೆರಗಿನಿಂದ ಒತ್ತಿದಳು. ಕಲೆ ಇನ್ನಷ್ಟು ಹರಡಿತು.

ಕಲೆ ಮಾತ್ರ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ದೃಷ್ಟಿ ತೆಗೆದು ಒಡೆದ ಕಾಯಿಯ ಚೂರನ್ನು ನಮ್ಮಲ್ಲಿ ಯಾರೂ ತುಳಿಯುವುದಿಲ್ಲ, ದಾಟುವುದೂ ಇಲ್ಲ. ಗಾಡಿಯ ಮೇಲಿದ್ದ ಕೆಟ್ಟ ಕಣ್ಣೆಲ್ಲ ಅದರಲ್ಲಿರುತ್ತದೆ, ಮುಟ್ಟಿದವರಿಗೆ ಹತ್ತುತ್ತದೆ ಎಂಬ ಭಯ. ಈಗ ಆ ಕೆಟ್ಟ ಕಣ್ಣು ಮದುವೆಯ ಹಾಸಿನ ಮೇಲೆ ಕೂತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಕುಂಚ ಬಿಟ್ಟು ಹಿಂದೆ ಸರಿದರು. ಧನಶೇಖರ ಗಡಿಯಾರ ನೋಡಿಕೊಂಡು, ಸದ್ಯ ರಾಹುಕಾಲಕ್ಕೆ ಮುಂಚೆ ಆಯಿತು ಎಂದ. ಆ ಕ್ಷಣದಲ್ಲಿ ಅವನ ಕೆನ್ನೆಗೆ ಹೊಡೆಯಬೇಕು ಎನ್ನಿಸಿದ್ದು ನನಗೊಬ್ಬನಿಗೇ ಇರಲಾರದು.

ಮುತ್ತುಸ್ವಾಮಿ ಕುಂಚ ಎತ್ತಿಕೊಂಡು, ಗಂಜಿ ಒಣಗುತ್ತಿದೆ, ಕೈ ಹಾಕಿ ಎಂದರು. ನಾನು ಹಾಕಿದೆ. ಸರಿದವರೂ ಮೆಲ್ಲಗೆ ಬಂದರು. ಮುಗಿದ ಮೇಲೆ ಚೆಲ್ಲಮ್ಮ ಕಲೆಯಾದ ತುದಿಯನ್ನು ಒಳಗೆ ಹಾಕಿ ಹಾಸು ಸುತ್ತಿದಳು. ಹೀಗೆ ಸುತ್ತಿದರೆ ಶುದ್ಧವಾದ ಭಾಗ ಮೊದಲು ನೇಯ್ಗೆಗೆ ಬರುತ್ತದೆ, ಕಲೆಯದ್ದು ಕೊನೆಗೆ. ಎರಡು ವೇಷ್ಟಿ, ಒಂದು ಬಿಳಿ, ಒಂದು ಕೆಂಪು ಹನಿಗಳದ್ದು. ಬೇರೆ ರೇಷ್ಮೆ ತರಲು ಅವಳಿಗೆ ಕಾಸೂ ಇರಲಿಲ್ಲ, ಹೊತ್ತೂ ಇರಲಿಲ್ಲ.

ಆ ವಾರದ ಕೊನೆಗೆ ಧನಶೇಖರ ಅಕ್ಕನ ಬಾಗಿಲಿಗೆ ಬಂದ. ಕ್ಷಮೆ ಕೇಳಲು ಬಂದಿರಬೇಕು ಎಂದು ನಾನು ಕಿಟಕಿಯಲ್ಲಿ ಕಿವಿಗೊಟ್ಟೆ. ಬಂದದ್ದು ಬೇರೆ ಕೆಲಸಕ್ಕೆ. ಮದುವೆಯಲ್ಲಿ ನಾಲ್ಕು ಜನ ನೋಡುವುದು ತನ್ನನ್ನು, ವ್ಯಾನ್ ಓನರನ್ನು. ಆದ್ದರಿಂದ ಬಿಳಿಯದ್ದು ತನಗಿರಲಿ, ಮದುಮಗ ಮಾಪ್ಪಿಳ್ಳೆಗೆ ಅಂಗಡಿಯಿಂದ ಪವರ್‌ಲೂಮಿನದ್ದು ತಂದರಾಯಿತು, ಓಮಲೂರಿನವರಿಗೆ ವ್ಯತ್ಯಾಸ ಎಲ್ಲಿ ತಿಳಿಯುತ್ತದೆ ಎಂದ. ನೇಕಾರನ ಮಗನಿಗೆ ವೇಷ್ಟಿಯ ವ್ಯತ್ಯಾಸ ತಿಳಿಯುವುದಿಲ್ಲವಂತೆ. ಚೆಲ್ಲಮ್ಮ ಲಾಳಿ ನಿಲ್ಲಿಸಲಿಲ್ಲ. ಅವನು ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡು, ಶಿಳ್ಳೆ ಹಾಕುತ್ತಾ ಹೋದ.

ಅವಳು ಎರಡನ್ನೂ ನೇಯ್ದಳು. ಕಲೆಯದ್ದನ್ನು ನೇಯುವಾಗ ನಾನೊಮ್ಮೆ ಒಳಗೆ ಹೋಗಿದ್ದೆ. ಕೆಂಪಾದ ಎಳೆ ಹರಿದರೆ ಅದನ್ನೂ ಬಿಳಿಯ ಎಳೆಯಷ್ಟೇ ಜತನದಿಂದ ಕಟ್ಟುತ್ತಿದ್ದಳು. ಅಂಚು ಗೆರೆ ಎಳೆದ ಹಾಗಿತ್ತು. 

ಮದುವೆಯ ದಿನ ಮದುಮಗ ಬಿಳಿ ವೇಷ್ಟಿ ಉಟ್ಟು ಬಂದು ಚಪ್ಪರದಲ್ಲಿ ಕೂತ. ಓಮಲೂರಿನ ಮುದುಕಿಯರು ಅಂಚನ್ನು ಬೆರಳಿನಲ್ಲಿ ತೀಡಿ ನೋಡಿ ತಲೆದೂಗಿದರು. ಅವರಿಗೆ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತಿತ್ತು. ಧನಶೇಖರ ಅದನ್ನು ಗಮನಿಸಲಿಲ್ಲ. ಹೊರಗೆ ವ್ಯಾನಿನ ಸುತ್ತ ಜನ ಸೇರಿಸಿಕೊಂಡು ನಿಂತಿದ್ದ. ಹುಡುಗಿಯನ್ನು ಕರೆತರಲು ಸೋದರಮಾವ ಬರಲಿ ಎಂದು ಕೂಗಿದಾಗ ಬಂದು ಎದೆಯುಬ್ಬಿಸಿ ನಿಂತ. ಚೆಲ್ಲಮ್ಮ ವೀಳ್ಯದೆಲೆಯ ಜೊತೆಗೆ ಮಡಿಸಿದ ವೇಷ್ಟಿಯನ್ನು ತಟ್ಟೆಯಲ್ಲಿ ಕೊಟ್ಟಳು. ಅವನು ಎಲ್ಲರ ಎದುರಿಗೆ ಅದನ್ನು ಕೊಡವಿ ಬಿಚ್ಚಿದ. ಕೆಂಪು ಹನಿಗಳು ತುದಿಯಿಂದ ತುದಿಗೆ ಕಂಡವು. ಇದೇನಕ್ಕ ಎಂದು ಸಣ್ಣ ದನಿಯಲ್ಲಿ ಕೇಳಿದ.

“ನಿನ್ನ ಗಾಡಿಗೆ ತೆಗೆದ ದೃಷ್ಟಿ, ತಮ್ಮ,” ಎಂದಳು ಚೆಲ್ಲಮ್ಮ. “ನನ್ನ ಮಗಳಿಗೆ ತಾಕ್‌ಬಾರ್ದು ಅಂತ ಎಲ್ಲಾನೂ ನಿಂಗೇ ನೇಯ್ದಿದೀನಿ. ಉಟ್ಕೊ, ಮುಹೂರ್ತ ಓಯ್ತದೆ.”

ಬೀದಿಯವರೆಲ್ಲ ಅಲ್ಲೇ ಇದ್ದೆವು. ಯಾರೂ ನಗಲಿಲ್ಲ, ಯಾರೂ ಅವನ ಸಹಾಯಕ್ಕೂ ಹೋಗಲಿಲ್ಲ. ಸೋದರಮಾವ ಉಡದಿದ್ದರೆ ಹುಡುಗಿ ಚಪ್ಪರಕ್ಕೆ ಬರುವಂತಿಲ್ಲ. ಅಷ್ಟಾದರೂ ಅವನಿಗೆ ನೆನಪಿತ್ತು. ಉಟ್ಟ. ತೊಡೆಯ ಮೇಲೆ, ಹಿಂಭಾಗದಲ್ಲಿ ಕೆಂಪು ಕಲೆಗಳನ್ನು ಹೊತ್ತುಕೊಂಡು ಇಂದುಜಾಳ ಕೈ ಹಿಡಿದು ನಡೆದ. ಓಮಲೂರಿಗೆ ಹೊರಡುವಾಗ ಇಂದುಜಾ ಅವನ ವ್ಯಾನು ಹತ್ತಲಿಲ್ಲ. ಮಾವ, ನಿಮ್ಮ ಗಾಡೀಲಿ ಪಾತ್ರೆ ಬರಲಿ, ನಾವು ಬಸ್ಸಿನಲ್ಲಿ ಹೋಗುತ್ತೇವೆ ಎಂದು ಮರ್ಯಾದೆಯಿಂದಲೇ ಹೇಳಿ ಗಂಡನ ಜೊತೆ ನಡೆದುಬಿಟ್ಟಳು.

ಇಷ್ಟಾದ ಮೇಲೆ ಅವನಿಗೆ ಬುದ್ಧಿ ಬಂದಿರಬಹುದು ಎಂದು ನಾನು ಅಂದುಕೊಂಡಿದ್ದೆ. ಮದುವೆಯಾಗಿ ತಿಂಗಳಾಗಿತ್ತು. ಒಂದು ಶುಕ್ರವಾರ ಬೆಳಗ್ಗೆ ಕಿಟಕಿಯಿಂದ ನೋಡಿದರೆ, ಧನಶೇಖರ ವ್ಯಾನು ತೊಳೆದು ಮುಂದಿನ ಗ್ಲಾಸು ಒರೆಸುತ್ತಿದ್ದ. ಕೈಯಲ್ಲಿ ಆ ವೇಷ್ಟಿ. ಅಂಚು ಕಿತ್ತು ಎರಡು ತುಂಡು ಮಾಡಿದ್ದ. ನನಗೆ ತಡೆಯಲಾಗಲಿಲ್ಲ, ಹೊರಗೆ ಬಂದು ಏನಯ್ಯ ಇದು ಎಂದೆ.

“ಒಳ್ಳೇ ರೇಷ್ಮೆ ಅಣ್ಣ,” ಎಂದ ಅವನು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ತೋರಿಸುತ್ತಾ. “ಎಷ್ಟು ಒರೆಸಿದ್ರೂ ಗ್ಲಾಸು ಗೀರಲ್ಲ. ನೇಯ್ದ್ರೆ ಇಂಗೆ ನೇಯ್ಬೇಕು.”

ಚೆಲ್ಲಮ್ಮ ನೀರಿನ ಕೊಡ ಹಿಡಿದು ತನ್ನ ಬಾಗಿಲಲ್ಲಿ ನಿಂತಿದ್ದಳು. ಅವಳ ನೇಯ್ಗೆಯನ್ನು ತಮ್ಮ ಹೊಗಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಕೊಡ ಕೆಳಗಿಟ್ಟು ಒಳಗೆ ಹೋಗಿ ಕುಣಿಗೆ ಇಳಿದಳು.