ಮುಳ್ಳು ಕರಗಿದ ಕುಸರೆಳ್ಳು

ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ಆಗ ಚಳಿ ಅಂದರೆ ಚಳಿಯೇ. ಸಂಕ್ರಾಂತಿ ರಜೆ ಬಂತೆಂದರೆ ಬೆಳಿಗ್ಗೆ ಬಾಯಿ ತೆರೆದರೆ ಹೊಗೆ ಬರುತ್ತಿತ್ತು. ನಾವು ಹುಡುಗಿಯರು ಎರಡು ಬೆರಳು ತುಟಿಗಿಟ್ಟು ಬೀಡಿ ಸೇದಿದ ಹಾಗೆ ನಟಿಸಿ ಬೈಸಿಕೊಳ್ಳುತ್ತಿದ್ದೆವು. ಬಿಸಿಲಿಗೆ ಬೆನ್ನು ಕೊಟ್ಟು ಕೂತು ಬಾರಿಹಣ್ಣು ತಿನ್ನುವುದು, ಬೀಜ ಯಾರದು ದೂರ ಹೋಗುತ್ತದೆ ಅಂತ ಉಗುಳುವುದು, ತಳ್ಳುಗಾಡಿಯವನು ಜಾಮಕಾಯಿ ಅಂತ ಕೂಗಿ ಮಾರುವ ಸೀಬೆಕಾಯಿಗೆ ಉಪ್ಪುಖಾರ ಜಾಸ್ತಿ ಹಾಕಿಸಿಕೊಳ್ಳಲು ಜಗಳವಾಡುವುದು, ಮಧ್ಯಾಹ್ನವಾದರೆ ಮಾಳಿಗೆ ಹತ್ತಿ ಪತಂಗ, ಅಂದರೆ ಗಾಳಿಪಟ, ಹಾರಿಸುವುದು. ಇದನ್ನು ಓದುವ ನಿಮಗೂ ಇಂಥ ರಜೆಗಳು ಇದ್ದಿರಬೇಕು, ನೆನೆದರೆ ಬಾಯಲ್ಲಿ ನೀರೂರುವಂಥವು. ನನಗೂ ಇವೆ. ಆದರೆ ಹತ್ತನೇ ವಯಸ್ಸಿನ ಒಂದು ರಜೆಯನ್ನು ಮಾತ್ರ ನೆನೆಯದೇ ಇದ್ದರೆ ಸಾಕು ಅಂತ ಇವತ್ತಿಗೂ ಅನ್ನಿಸುತ್ತದೆ.

ನಾವು ಬಿಜಾಪುರದ ಕಡೆಯವರು. ಅಪ್ಪನ ನೌಕರಿಗಾಗಿ ಹೈದರಾಬಾದಿಗೆ ಬಂದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ, ಅವ್ವ, ನಾನು, ಅಪ್ಪನ ತಾಯಿ ಅಂದರೆ ನನ್ನ ಅಜ್ಜಿ. ಅಪ್ಪನ ತಂಗಿ ಸುಧಾ ಅತ್ತೆಯೂ ನಮ್ಮ ಜೊತೆಗೇ ಇದ್ದಳು, ಆ ಸಂಕ್ರಾಂತಿಯ ಹಿಂದಿನ ಬೇಸಿಗೆಯವರೆಗೆ. ನನ್ನ ಜಡೆ ಹಾಕುವವಳು, ಕೋಠಿ ಬಜಾರಿಗೆ ಕರೆದೊಯ್ದು ಹಳೇ ಚಿತ್ರದ ಪುಸ್ತಕ ಕೊಡಿಸುವವಳು, ರಾತ್ರಿ ನನ್ನ ತಣ್ಣನೆಯ ಕಾಲುಗಳನ್ನು ತನ್ನ ಕಾಲ ನಡುವೆ ಇಟ್ಟುಕೊಂಡು ಬೆಚ್ಚಗೆ ಮಾಡುವವಳು ಅವಳೇ. ಬೇಸಿಗೆಯಲ್ಲಿ ಅವಳು ತನ್ನ ಆಫೀಸಿನ ರವೀಂದರ್ ಎಂಬ ತೆಲುಗಿನವರನ್ನು ರಿಜಿಸ್ಟರ್ ಮದುವೆಯಾದಳು. ಅಜ್ಜಿ ಅವಳ ಹೆಸರೆತ್ತುವುದನ್ನೇ ಬಿಟ್ಟಳು. ಅವ್ವ ಮಾತ್ರ ಮೂಲೆಯ ಅಂಗಡಿಯ ಫೋನಿನಿಂದ ಕದ್ದು ಮಾತಾಡುತ್ತಿದ್ದಳು. ನನಗೆ ಅತ್ತೆ ಬೇಕಾಗಿತ್ತು, ಬೇರೆ ಏನೂ ಬೇಕಾಗಿರಲಿಲ್ಲ.

ಸಂಕ್ರಾಂತಿಗೆ ಎಂಟು ದಿನವಿರುವಾಗ ಅಜ್ಜಿ ಇದ್ದಕ್ಕಿದ್ದ ಹಾಗೆ ಅಟ್ಟದ ಮೇಲಿನ ಅಗಲ ತಟ್ಟೆ, ತಾಮ್ರದ ಪರಾತ, ಇಳಿಸೆಂದಳು.

"ಯಾಕ್ರಿ ಅತ್ತಿ?" ಅಂದಳು ಅವ್ವ.

"ಮದ್ವಿಯಾದ ಮೊದಲನೇ ಸಂಕ್ರಾಂತಿಗೆ ಮಗಳಿಗೆ ಕುಸರೆಳ್ಳಿನ ದಾಗೀನ ಹಾಕಬೇಕೋ ಬ್ಯಾಡೋ? ನಮ್ಮ ಮನಿ ಪದ್ಧತಿ ಬಿಡಾಂಗಿಲ್ಲ. ಅಷ್ಟ. ಮತ್ತೇನೂ ತಿಳಕೋಬ್ಯಾಡ್ರಿ."

ಅವ್ವ ಅಂದೇ ಫೋನಿಗೆ ಓಡಿದಳು. ಹಬ್ಬದ ದಿನ ಸಂಜೆ ಅತ್ತೆ ಗಂಡನನ್ನು ಕರೆದುಕೊಂಡು ಬರುವುದೆಂದು ಗಟ್ಟಿಯಾಯಿತು.

ಕುಸರೆಳ್ಳು ಮಾಡುವುದೆಂದರೆ ಹುಡುಗಾಟವಲ್ಲ. ಸಣ್ಣ ಕೆಂಡದ ಮೇಲೆ ಪರಾತ ಇಟ್ಟು, ಎಳ್ಳು ಹಾಕಿ, ಚಮಚದಿಂದ ಒಂದಿಷ್ಟೇ ಸಕ್ಕರೆ ಪಾಕ ಬಿಟ್ಟು, ಬೆರಳ ತುದಿಯಿಂದ ಆಡಿಸುತ್ತಲೇ ಇರಬೇಕು. ಒಣಗಿದ ಮೇಲೆ ಮತ್ತೆ ಪಾಕ, ಮತ್ತೆ ಬೆರಳು. ಬೆಂಕಿ ಜಾಸ್ತಿಯಾದರೆ ಹಳದಿ, ಪಾಕ ಜಾಸ್ತಿಯಾದರೆ ಮುದ್ದೆ. ಹೀಗೆ ದಿನಗಟ್ಟಲೆ ಮಾಡಿದರೆ ಒಂದೊಂದು ಕಾಳಿನ ಮೈಮೇಲೂ ಬೆಳ್ಳನೆಯ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಸರ, ಬಳೆಯಂಥ ದಾಗೀನಕ್ಕೆ ದೊಡ್ಡ ಕಾಳು ಬೇಕೆಂದು ಅಜ್ಜಿ ಲವಂಗಕ್ಕೂ ಸಕ್ಕರೆ ಏರಿಸುತ್ತಿದ್ದಳು. ಮನೆ ತುಂಬ ಕೆಂಡದ ವಾಸನೆ, ಲವಂಗದ ವಾಸನೆ.

ನಾನು ಬಾಯಿಬಡುಕಿ. ಮನೆಯಲ್ಲಿ ನನ್ನನ್ನು ರೇಡಿಯೊ ಅಂತಲೇ ಕರೆಯುತ್ತಿದ್ದರು. ಅಜ್ಜಿಯ ಪಕ್ಕ ಕೂತು ಕೇಳಿದೆ, "ಅಜ್ಜಿ, ನಿನಗ ಅತ್ತಿ ಮ್ಯಾಲಿನ ಸಿಟ್ಟು ಹೋತೇನು?"

ಅಜ್ಜಿಯ ಬೆರಳು ನಿಂತಿತು. "ಪಮ್ಮಿ, ಬಾಯಿ ಮುಚಗೊಂಡು ಕೂಡು. ಸಿಟ್ಟು ಇಟಗೊಂಡು ಆಡಿಸಿದ್ರ ಮುಳ್ಳು ಏಳಾಂಗಿಲ್ಲ. ನಮ್ಮವ್ವ ಹೇಳ್ತಿದ್ಲು, ಚೊಕ್ಕ ಮನಸಿನ್ಯಾಗ ಮಾಡಿದ್ರಷ್ಟ ಅದು ನಿಲ್ತೈತಿ."

ಆಮೇಲೆ ದಿನಾ ಬೆಳಿಗ್ಗೆ ಎದ್ದವಳೇ ಪರಾತಕ್ಕೆ ಮುಖ ಹಾಕುವುದೇ ನನ್ನ ಕೆಲಸವಾಯಿತು. ಮುಳ್ಳು ಎದ್ದಿದ್ದರೆ ಅಜ್ಜಿಗೆ ಸಿಟ್ಟು ಹೋಗಿದೆ, ಅತ್ತೆ ಬರುತ್ತಾಳೆ. ನಾಲ್ಕನೇ ದಿನಕ್ಕೆ ಮುಳ್ಳು ಕಂಡವು. ಅಜ್ಜಿ ಯಾರಿಗೂ ಹೇಳಲಿಲ್ಲ, ಆದರೆ ಅವಳ ಮುಖ ನೋಡಬೇಕಾಗಿತ್ತು! ಏಳನೇ ದಿನ ಕಾಳುಗಳನ್ನೆಲ್ಲ ದಾರಕ್ಕೆ ಕಟ್ಟಿ ಒಂದು ಸರ, ಎರಡು ಬಳೆ, ಬೈತಲೆಗೆ ಒಂದು ಬಿಂದಿ ಮಾಡಿದಳು.

ಹಬ್ಬದ ದಿನ ಬೆಳಿಗ್ಗೆ ಅಜ್ಜಿ ದಾಗೀನವಿದ್ದ ಪರಾತ ಹೊತ್ತು ಮಾಳಿಗೆಗೆ ತಂದು ಬಿಸಿಲಿಗಿಟ್ಟಳು. "ಕಾಗಿ ಬಾಯಿ ಹಾಕ್ತಾವ. ಟ್ರಂಕಿನ್ಯಾಗ ಹಳೇ ಪಂಜಿ ಐತಿ, ತಂದು ಹೊದಿಸು. ಹೊದಿಸಿ ಇಲ್ಲೇ ಕೂಡು," ಅಂದು ಜಳಕಕ್ಕೆ ಇಳಿದಳು. ನಾನು ಪಂಜೆ ತರಲು ಹಿಂದೆಯೇ ಇಳಿದೆ.

ಅಷ್ಟರಲ್ಲಿ ಪಕ್ಕದ ಮಾಳಿಗೆಯಿಂದ ಗೆಳತಿ ಲಾವಣ್ಯ ಕೂಗಿದಳು. "ಪಮ್ಮೀ, ತೊಂದರಗಾ ರಾವೇ!" ಬೇಗ ಬಾ ಅಂತ. ಇಡೀ ರಜೆಯಲ್ಲಿ ನನಗೆ ಪತಂಗದ ದಾರ ಸುತ್ತಿದ ಚರಖಾ ಹಿಡಿಯುವ ಕೆಲಸವೇ ಹೊರತು ದಾರ ಕೈಗೆ ಬಂದಿರಲಿಲ್ಲ. ಇವತ್ತು ಕೊಡುತ್ತೇನೆ ಎಂದಿದ್ದಳು. ಟ್ರಂಕಿನ ಮೇಲೆ ಹಾಸಿಗೆಗಳ ರಾಶಿ. ಯಾರು ತೆಗೆಯಬೇಕು? ಅಡುಗೆಮನೆಯಲ್ಲಿ ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು ಮುಗಿಸಿದ್ದಳು. ಒಲೆಯ ಪಕ್ಕ ಬಿಳಿ ಅರಿವೆಯೊಂದಿತ್ತು. ಬೇಯುವ ರೊಟ್ಟಿಯ ಮೇಲೆ ನೀರು ಸವರುವ ಅರಿವೆ. ಎಳೆದುಕೊಂಡು ಓಡಿ, ದಾಗೀನದ ಮೇಲೆ ಹಾಕಿ, ಕಟ್ಟೆ ಹಾರಿ ಪಕ್ಕದ ಮಾಳಿಗೆ ಸೇರಿದೆ. ಅದು ತೊಯ್ದಿದೆಯೋ ಒಣಗಿದೆಯೋ ಅಂತ ನೋಡುವ ಪುರುಸೊತ್ತು ಯಾರಿಗಿತ್ತು!

ಆ ದಿನ ನಾನು ಒಂದು ಪತಂಗ ಕತ್ತರಿಸಿದೆ. "ಅಫಾ!" ಎಂದು ಲಾವಣ್ಯ ಪತಂಗ ಕಡಿದವರ ಗೆಲುವಿನ ಕೂಗು ಹಾಕಿದಳು, ಸುತ್ತಲ ಮಾಳಿಗೆಗಳೆಲ್ಲ ಕಿರುಚಿದವು. ಜೀವನದಲ್ಲಿ ಅಂಥ ಖುಷಿ ಆಮೇಲೆ ಬಂದದ್ದು ಬೆರಳಲ್ಲಿ ಎಣಿಸುವಷ್ಟು ಸಲವಷ್ಟೇ.

ಮಧ್ಯಾಹ್ನ ಊಟದ ಹೊತ್ತಿಗೆ ಕುಣಿಯುತ್ತ ವಾಪಸು ಬಂದು ಅರಿವೆ ಎತ್ತಿದೆ. ಕೈಗೆ ಅಂಟಿತು. ಕೆಳಗೆ ಸರ ಇತ್ತು, ಬಳೆ ಇತ್ತು, ಮುಳ್ಳು ಮಾತ್ರ ಒಂದೂ ಇರಲಿಲ್ಲ. ಚೀಪಿ ಉಗುಳಿದ ಪೆಪ್ಪರ್‌ಮಿಂಟಿನ ಹಾಗೆ ಕಾಳುಗಳೆಲ್ಲ ನುಣ್ಣಗಾಗಿದ್ದವು. ಕೆಲವು ಕಡೆ ಲವಂಗದ ಕಪ್ಪು ಕಾಣುತ್ತಿತ್ತು.

ಅಯ್ಯೋ ದೇವರೇ ಅಂದುಕೊಂಡೆ. ಊದಿದೆ. ಗಾಳಿ ಹಾಕಿದೆ. ಬಿಸಿಲಿಗೆ ತಿರುಗಿಸಿದೆ. ಕರಗಿದ್ದು ಮತ್ತೆ ಏಳುತ್ತದೆಯೇ? ಕಡೆಗೆ ಕೆಳಗಿಳಿದು ಟ್ರಂಕಿನ ಪಂಜೆ ತೆಗೆದು ತಂದು ಹೊದಿಸಿದೆ, ಅವ್ವ ಅತ್ತ ತಿರುಗಿದಾಗ ರೊಟ್ಟಿಯ ಅರಿವೆಯನ್ನು ತೊಳೆದು ಇದ್ದ ಜಾಗದಲ್ಲೇ ಇಟ್ಟೆ. ಹತ್ತು ವರ್ಷದ ಹುಡುಗಿಗೆ ಅಷ್ಟು ಕಳ್ಳಬುದ್ಧಿ ಎಲ್ಲಿಂದ ಬಂತೋ ನಾನರಿಯೆ.

ಅತ್ತೆ ಬರಲು ಇನ್ನೂ ಮೂರು ತಾಸಿತ್ತು. ಊಟಕ್ಕೆ ಕೂತು ರೊಟ್ಟಿಯನ್ನು ಚೂರು ಚೂರು ಮುರಿಯುತ್ತ ಇದ್ದೆ.

"ರೇಡಿಯೊ ಯಾಕ ಬಂದ್ ಆಗೇತಿ ಇವತ್ತ?" ಅಂದ ಅಪ್ಪ. "ಜ್ವರ ಗಿರ ಬಂದಾವೇನು ನೋಡು."

ಅವ್ವ ಹಣೆ ಮುಟ್ಟಿ ನೋಡಿದಳು. ಹೇಳಿಬಿಡೋಣ ಅಂತ ಅಜ್ಜಿಯ ಹತ್ತಿರ ಹೋದೆ. ಅಜ್ಜಿ ಕನ್ನಡಿಯ ಮುಂದೆ ಕೂತು ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಏನೋ ಹಾಡು ಗುನುಗುತ್ತಿದ್ದಳು. ಬೇಸಿಗೆಯಿಂದೀಚೆಗೆ ಅವಳ ಹಾಡು ನಾನು ಕೇಳಿರಲಿಲ್ಲ. "ಏನವ್ವ?" ಅಂದಳು. ನಾನು ಏನಿಲ್ಲ ಅಂತ ತಲೆಯಾಡಿಸಿ ಹೊರಗೆ ಬಂದೆ.

ಅತ್ತೆ ಕಪ್ಪು ಸೀರೆಯುಟ್ಟು ಬಂದಳು. ಸಂಕ್ರಾಂತಿಗೆ ಕಪ್ಪು ಉಡುವ ನಮ್ಮ ಪದ್ಧತಿಯನ್ನು ಅವಳು ಮರೆತಿರಲಿಲ್ಲ. ಹಿಂದೆ ರವೀಂದರ್ ಮಾಮ ಹಣ್ಣಿನ ಚೀಲ ಹಿಡಿದು ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ನಿಂತಿದ್ದರು. ಅಜ್ಜಿ ಗೋಡೆ ನೋಡುತ್ತ, "ಬರ್ರಿ. ಕೂಡ್ರಿ," ಅಂದಳು. ಮಗಳಿಗೆ ಹೇಳಿದಳೋ ಗೋಡೆಗೆ ಹೇಳಿದಳೋ ಗೊತ್ತಾಗಲಿಲ್ಲ. ಅತ್ತೆಯನ್ನು ಮಣೆಯ ಮೇಲೆ ಕೂರಿಸಿದರು. ಅವ್ವ ಆರತಿ ಹಚ್ಚಿದಳು.

"ಪಮ್ಮಿ, ಪರಾತ ತಗೊಂಡ್ ಬಾ."

ನಾನೇ ತರಬೇಕಾಯಿತು! ಮಾಳಿಗೆಯ ಮೆಟ್ಟಿಲು ಇಳಿಯುವಾಗ ಬಿದ್ದುಬಿಡಲೇ ಅಂತಲೂ ಯೋಚಿಸಿದೆ. ಬೀಳಲಿಲ್ಲ. ಅಜ್ಜಿಯ ಮುಂದೆ ಇಟ್ಟು ಗೋಡೆಗೆ ಆತು ನಿಂತೆ.

ಅಜ್ಜಿ ಪಂಜೆ ಸರಿಸಿದಳು. ಅಜ್ಜಿ ಹೆಬ್ಬೆರಳಿನಿಂದ ಒಂದೊಂದೇ ಕಾಳನ್ನು ಸವರುತ್ತ ಹೋದಳು, ಎಲ್ಲಾದರೂ ಒಂದು ಮುಳ್ಳು ಉಳಿದಿದೆಯೇನೋ ಅಂತ ಹುಡುಕುವ ಹಾಗೆ.

"ತಂಪು ಹಿಡದಿರಬೇಕು ಬಿಡವ್ವ," ಅಂದ ಅಪ್ಪ.

"ಬಿಸಲಾಗ ಇಟ್ಟಿದ್ದು ತಂಪು ಹ್ಯಾಂಗ ಹಿಡೀತೈತೋ?" ಅಜ್ಜಿ ಸರ ಕೆಳಗಿಟ್ಟಳು. "ಏಳು ದಿನ ಕೂತೆ. ಕೈ ಪಾಕದಾಗಿತ್ತು, ಮನಸಿನ್ಯಾಗ ಇಕಿನ್ನ ಬೈಯಾಕತ್ತಿದ್ದೆ. ಎದ್ದ ಮುಳ್ಳೂ ನಿಲ್ಲಲಿಲ್ಲ ನೋಡು. ನನ್ನ ಮನಸ ಚೊಕ್ಕ ಇರಲಿಲ್ಲ. ದೇವ್ರು ಎಲ್ಲಾರ ಮುಂದ ತೋರಿಸಿಬಿಟ್ಟ." ಆಮೇಲೆ ಮೊದಲ ಸಲ ಮಗಳ ಮುಖ ನೋಡಿದಳು. "ಸುಧಾ, ನಂದ ತಪ್ಪಾತವ್ವ."

ನನ್ನ ಅಜ್ಜಿ ಯಾರೆದುರಿಗೂ ತಪ್ಪಾಯಿತೆಂದವಳಲ್ಲ. ಅವಳು ಸೆರಗು ಬಾಯಿಗಿಟ್ಟು ಅಳತೊಡಗಿದಾಗ ಅಪ್ಪ ಎದ್ದು ನಿಂತುಬಿಟ್ಟ. "ಏಡವಕಂಡಿ ಅತ್ತಮ್ಮಾ, ಏಡವಕಂಡಿ," ಅಳಬೇಡಿ ಅಂತ ರವೀಂದರ್ ಮಾಮ ತಾವೇ ಕಣ್ಣೊರೆಸಿಕೊಂಡರು. ಅತ್ತೆ ಸರ ಎತ್ತಿ ಮುಖದ ಹತ್ತಿರ ಹಿಡಿದು ನೋಡಿದಳು, ಮೂಗಿಗೆ ತಾಗುವಷ್ಟು ಹತ್ತಿರ. ಆಮೇಲೆ ಅಜ್ಜಿಯ ಕೈಗಿಟ್ಟು, "ಹಾಕವ್ವ. ನನಗ ಇದ ಬೇಕು," ಅಂದಳು.

ಆ ಸಂಜೆ ಮನೆಯಲ್ಲಿ ಎಷ್ಟು ನಗೆ, ಎಷ್ಟು ಮಾತು! ಅಜ್ಜಿ ಅಳಿಯನಿಗೆ ರೊಟ್ಟಿ ಮೇಲೆ ಬೆಣ್ಣೆ, ಬೆಣ್ಣೆ ಮೇಲೆ ಶೇಂಗಾ ಹಿಂಡಿಯ ಚಟ್ನಿ ಹಾಕುತ್ತಲೇ ಇದ್ದಳು. ನಾನು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಹೇಳಿದರೆ ಇದೆಲ್ಲ ಹೋಗಿಬಿಡುತ್ತದೆ, ಅಜ್ಜಿ ತಪ್ಪಾಯಿತೆಂದ ಮಾತನ್ನು ವಾಪಸು ತೆಗೆದುಕೊಂಡುಬಿಡುತ್ತಾಳೆ ಅನ್ನಿಸಿತು. ನಾಳೆ ಹೇಳುತ್ತೇನೆ ಅಂದುಕೊಂಡೆ.

ನಾಳೆ ಹೇಳಲಿಲ್ಲ. ಮುಂದಿನ ಸಂಕ್ರಾಂತಿಗೆ ಅವ್ವ ಪರಾತ ಇಳಿಸಲು ಹೋದಾಗ ಅಜ್ಜಿ ಬೇಡವೆಂದಳು. "ನನ್ನ ಕೈಯಾಗ ಇನ್ನ ಅದು ಆಗಾಂಗಿಲ್ಲ. ಕೋಠಿಯಿಂದ ಪಾಕೀಟು ತರ್ರಿ." ಅದರ ಮುಂದಿನ ವರ್ಷವೂ ಅದೇ ಮಾತು. ಅತ್ತೆಗೆ ಮಗಳು ಹುಟ್ಟಿದಾಗ, ಮಗುವಿನ ಮೊದಲ ಸಂಕ್ರಾಂತಿಗೆ ದಾಗೀನ ಮಾಡೆಂದು ಎಲ್ಲರೂ ಕೇಳಿಕೊಂಡರು. ಅಜ್ಜಿ ತನ್ನ ಬೆರಳುಗಳನ್ನು ನೋಡಿಕೊಂಡು, "ಕೂಸಿಗೆ ನನ್ನ ಕೈಯಿಂದ ಬ್ಯಾಡ," ಅಂದಳು. ನಾನು ಅಲ್ಲೇ ಇದ್ದೆ. ಆಗ ನನಗೆ ಹದಿನಾಲ್ಕು, ಎಲ್ಲ ತಿಳಿಯುವ ವಯಸ್ಸು. ಆದರೂ ಬಾಯಿ ಬಿಡಲಿಲ್ಲ. ನನ್ನ ಮದುವೆಗೆ ಮೊದಲೇ ಅಜ್ಜಿ ತೀರಿಕೊಂಡಳು.

ಹೋದ ಸಂಕ್ರಾಂತಿಗೆ ಮಣಿಕೊಂಡದ ಅತ್ತೆಯ ಫ್ಲ್ಯಾಟಿಗೆ ಹೋಗಿದ್ದೆ. ಪಾಕೀಟಿನ ಕುಸರೆಳ್ಳು ಬಟ್ಟಲಿಗೆ ಸುರಿದಳು, ಎಲ್ಲವೂ ಒಂದೇ ಅಳತೆ, ಬಣ್ಣ ಬಣ್ಣದವು. ಅದನ್ನು ನೋಡುತ್ತಿದ್ದ ಹಾಗೆ ನನ್ನ ಬಾಯಿಂದ ಎಲ್ಲ ಹೊರಬಿತ್ತು. ಮಾಳಿಗೆ, ಪತಂಗ, ಅರಿವೆ, ಎಲ್ಲ. ಅತ್ತೆ ಬೈಯುತ್ತಾಳೆ, ಇಲ್ಲವೇ ನಕ್ಕುಬಿಡುತ್ತಾಳೆ ಅಂದುಕೊಂಡಿದ್ದೆ.

ಅವಳು ಬಟ್ಟಲಿನಿಂದ ಒಂದು ಕಾಳು ಎತ್ತಿ ಮೂಸಿ ನೋಡಿದಳು.

"ಸರ ಎತ್ತಿದಾಗ ಸಜ್ಜಿ ಹಿಟ್ಟಿನ ವಾಸನಿ ಬಂದಿತ್ತು ಪಮ್ಮಿ," ಅಂದಳು. "ರೊಟ್ಟಿ ಅರಿವಿ ಅಂತ ನನಗ ಅವತ್ತ ಗೊತ್ತಾಗಿತ್ತು. ಆದ್ರ ಅವ್ವ ಜೀವಮಾನದಾಗ ಮೊದಲನೇ ಸಲ ನನ್ನ ಮುಂದ ಸೋತಿದ್ಲು. ನನಗ ಅದು ಬೇಕಾಗಿತ್ತು. ಸುಮ್ಮನಾದೆ."

ಪರಾತ ಈಗ ನನ್ನ ಮನೆಯಲ್ಲಿದೆ. ಈ ಹಿಂದೆಯೇ ಎರಡು ಚಳಿಗಾಲ ಪ್ರಯತ್ನಿಸಿದ್ದೆ, ಒಮ್ಮೆ ಹಳದಿಯಾಯಿತು, ಒಮ್ಮೆ ಮುದ್ದೆಯಾಯಿತು. ಪಾಕ ಎಷ್ಟಿರಬೇಕು, ಕೆಂಡ ಎಷ್ಟಿರಬೇಕು ಅಂತ ಕೇಳಲು ನಮ್ಮ ಮನೆತನದಲ್ಲಿ ಈಗ ಯಾರೂ ಇಲ್ಲ. ಅಜ್ಜಿಯ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಅದು ಗೊತ್ತಿದ್ದವರು ನಾವಿಬ್ಬರೇ, ಮತ್ತು ಅವಳು ಜೀವ ತೇದು ಬೆಳೆಸಿದ ಹೆಣ್ಣುಮಕ್ಕಳೂ ನಾವಿಬ್ಬರೇ.