ಚಿಂತ ಚಿಗುರಿನ ಪಚಡಿ

ಅನ್ನ ಕುದಿಯತೊಡಗಿದರೆ ನನ್ನ ಹೆಂಡತಿ ಎದ್ದು ಹೊರಗೆ ಹೋಗುತ್ತಾಳೆ. ಊರೆಲ್ಲ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ ಕಾಲದಲ್ಲಿ ನಮ್ಮಿಬ್ಬರಿಗೂ ಜ್ವರ ಬಂದಿತ್ತು. ನನ್ನ ಮೂಗು ಕೆಲವು ವಾರಗಳಲ್ಲಿ ಸರಿಹೋಯಿತು. ಅವಳದು ಬಹಳ ದಿನ ಸತ್ತಂತೆ ಇದ್ದು, ಆಮೇಲೆ ಕೆಟ್ಟು ಎದ್ದಿತು. ಒಗ್ಗರಣೆ, ಬೆಳ್ಳುಳ್ಳಿ, ಚಹಾ, ಬಿಸಿ ಅನ್ನ, ಎಲ್ಲವೂ ಅವಳಿಗೆ ಈಗ ಒಂದೇ ವಾಸನೆ. ಎಂಥ ವಾಸನೆ ಎಂದು ರಾಯಚೂರಿನ ಡಾಕ್ಟರು ಕೇಳಿದಾಗ ಅವಳು ಯೋಚನೆಯನ್ನೂ ಮಾಡಲಿಲ್ಲ.

"ರೇಷ್ಮಿ ಸುಟ್ಟಂಗ್ರೀ" ಎಂದಳು.

ಡಾಕ್ಟರಿಗೆ ಅದು ತಿಳಿಯಲಿಲ್ಲ. ನನಗೆ ತಿಳಿಯಿತು. ಅವಳು ಗದ್ವಾಲಿನ ನೇಕಾರರ ಮನೆಯ ಮಗಳು. ಮದುವೆಯಾಗಿ ನಾರಾಯಣಪೇಟೆಗೆ ಬಂದ ಮೇಲೆ, ನಾನು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಮಾಡಿಕೊಂಡಿದ್ದರೆ, ಅವಳು ಮುಂದಿನ ಕೋಣೆಯಲ್ಲಿ ತವರಿನ ಸೀರೆಗಳನ್ನು ಮಾರುತ್ತಿದ್ದಳು. ಕೊಳ್ಳಲು ಬಂದವರು ಅಂಚಿನ ರೇಷ್ಮೆ ನಿಜವೋ ಅಲ್ಲವೋ ಎಂದು ಅನುಮಾನಪಟ್ಟರೆ ಒಂದು ಎಳೆ ಕಿತ್ತು ಕಡ್ಡಿ ಗೀರುತ್ತಿದ್ದಳು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಬಂದ ಹೆಂಗಸರು ಮೂಗು ಮುಂದೆ ಮಾಡಿ, ಮುಖ ಸಿಂಡರಿಸಿ, ನಗುತ್ತ ದುಡ್ಡು ತೆಗೆಯುತ್ತಿದ್ದರು. ಅಸಲಿ ಮಾಲಿಗೆ ಅವಳ ಹತ್ತಿರ ಇದ್ದ ಪುರಾವೆ ಅದು. ಅದೇ ಪುರಾವೆ ಈಗ ಅವಳ ತಾಟಿನಲ್ಲಿ ಹೊತ್ತುಹೊತ್ತಿಗೂ ಹೊಗೆಯಾಡುತ್ತದೆ.

ಅವಳು ಉಣ್ಣುವುದು ಕಡಿಮೆಯಾಗಿ, ಆಮೇಲೆ ಇಲ್ಲವೆನ್ನುವಷ್ಟಾಯಿತು. ಮಣಿಕಟ್ಟಿನಲ್ಲಿ ನಿಲ್ಲುತ್ತಿದ್ದ ಬಳೆಗಳು ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿದ್ದವು. ಡಾಕ್ಟರು ತಣ್ಣಗಿರುವ, ವಾಸನೆ ಏಳದ, ಆದರೆ ಕಸುವಿರುವ ಊಟ ಕೊಡಿ ಎಂದರು. ತೂಕ ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಿಕೊಂಡು ಮೂಗಿನಿಂದ ನಳಿಕೆ ಇಳಿಸಬೇಕಾಗುತ್ತದೆ ಎಂದೂ ಹೇಳಿದರು. ವಾಪಸು ಬರುವಾಗ ಬಸ್ಸು ಕೃಷ್ಣಾ ಸೇತುವೆ ದಾಟುವವರೆಗೆ ಅವಳು ಕಿಟಕಿಯಾಚೆ ನೀರು ನೋಡುತ್ತಿದ್ದಳು. ದಾಟಿದ ಮೇಲೆ, "ಮೂಗಿಗೆ ಇದೊಂದು ಕೆಲಸ ಉಳದಿತ್ತು ನೋಡ್ರಿ" ಎಂದಳು.

ಹಾಗೆ ನಾನು ಅಡುಗೆಮನೆ ಹೊಕ್ಕೆ. ತಣ್ಣಗೆ ತಿನ್ನುವ, ಕಸುವಿರುವ ಕಾಳು ಯಾವುದೆಂದು ಫೋನಿನಲ್ಲಿ ಹುಡುಕಿದಲ್ಲೆಲ್ಲ ಕ್ವಿನೋವಾ ಎಂಬ ಹೆಸರು ಎದುರಾಯಿತು. ಬಜಾರಿನ ಕಿರಾಣಿ ಅಂಗಡಿಯವನು ಅದನ್ನು ಸಿರಿಧಾನ್ಯಗಳ ಪಕ್ಕದಲ್ಲಿ ಇಟ್ಟಿದ್ದ. ತೆಲುಗಿನವರಿಗೂ ಕನ್ನಡದವರಿಗೂ ಅದರ ಹೆಸರು ನಾಲಿಗೆಗೆ ಹತ್ತುವುದಿಲ್ಲ ಎಂದು ಅವನ ದೂರು. ಪೊಟ್ಟಣ ಕಟ್ಟುತ್ತ, "ಗಸಗಸಿಗೆ ದೊಡ್ಡಪ್ಪ ಇದ್ದಂಗ ಐತಿ ಸಾರ್, ರೇಟಿನಾಗ ಮಾತ್ರ ಗೋಡಂಬಿ ಬೀಗ" ಎಂದ. ಈ ಮಾತು ಅವನು ಆಡಿದ್ದೋ, ಹೆಂಡತಿಯನ್ನು ನಗಿಸಲು ದಾರಿಯಲ್ಲಿ ನಾನೇ ಕಟ್ಟಿದ್ದೋ, ಈಗ ಖಾತ್ರಿಯಿಲ್ಲ. ಅವಳಿಗೆ ಹೇಳಿದ್ದು ನೆನಪಿದೆ. ಅವಳು ನಕ್ಕಿರಲಿಲ್ಲ.

ಮೊದಲ ದಿನ ಅದನ್ನು ಅಕ್ಕಿಯಂತೆ ಒಂದು ನೀರಿನಲ್ಲಿ ತೊಳೆದು ಬೇಯಿಸಿದೆ. ಸಾಬೂನಿನಂಥ ನೊರೆ ಬಂದದ್ದನ್ನು ಕಂಡೂ ಬಿಟ್ಟೆ. ತಣಿದ ಮೇಲೆ ಸೌತೆಕಾಯಿ, ದಾಳಿಂಬೆ ಬೆರೆಸಿ ಕೊಟ್ಟೆ. ಅವಳು ಒಂದು ತುತ್ತು ಬಾಯಿಗಿಟ್ಟು ಹಾಗೇ ಕುಳಿತಳು. "ಕಹಿ ಐತಿ" ಎಂದಳು. ನಾನು ಬಟ್ಟಲು ತೆಗೆಯಹೋದರೆ ಕೈ ಹಿಡಿದಳು. ಕಹಿ ನಿಜವಾಗಿ ಕಹಿಯಾಗಿಯೇ ಬಂದಿತ್ತು, ಸುಟ್ಟ ವಾಸನೆಯಾಗಿ ಅಲ್ಲ. ಬಹಳ ದಿನಗಳ ಮೇಲೆ ಒಂದು ವಸ್ತು ಅವಳಿಗೆ ತಾನು ಇದ್ದಂತೆಯೇ ಸಿಕ್ಕಿತ್ತು. ಆ ಕಹಿಯನ್ನೇ ಅವಳು ಅರ್ಧ ಬಟ್ಟಲು ತಿಂದಳು. ನಾನು ನೀರಿನ ತಂಬಿಗೆ ಹಿಡಿದು ಎದುರು ನಿಂತಿದ್ದೆ.

ಆಮೇಲೆ ಕಲಿತೆ. ಆ ಕಾಳು ಅನ್ನದ ಜರಡಿಯಲ್ಲಿ ನಿಲ್ಲುವುದಿಲ್ಲ. ಅವಳ ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಕಟ್ಟಿ, ನೊರೆ ನಿಲ್ಲುವವರೆಗೆ ನಲ್ಲಿಯ ಕೆಳಗೆ ಹಿಸುಕಬೇಕು. ಬೆಂದಾಗ ಒಂದೊಂದು ಕಾಳಿನಿಂದಲೂ ಬಿಳಿ ಬಾಲ ಬಿಚ್ಚಿಕೊಳ್ಳುತ್ತದೆ; ಆಗ ಇಳಿಸಿ, ಮುಚ್ಚಿಟ್ಟು, ಅಗಲ ತಾಟಿನಲ್ಲಿ ಹರವಿ ಆರಿಸಬೇಕು. ಇಲ್ಲದಿದ್ದರೆ ಅಂಬಲಿಯಾಗುತ್ತದೆ. ಬೇಯುವ ಹೊತ್ತಿಗೆ ಅವಳು ಮಾಳಿಗೆಯ ಮೇಲಿರಬೇಕು. ಸೌತೆಕಾಯಿಗೆ ಉಪ್ಪು ಕೊನೆಗೆ, ಬಟ್ಟಲು ಕೈಗೆ ಕೊಡುವ ಮುಂಚೆ. ಮೊದಲೇ ಹಾಕಿದರೆ ನೀರು ಬಿಡುತ್ತದೆ. ಪುದೀನದ ತಂಪು ಅವಳಿಗೆ ಗೊತ್ತಾಗುತ್ತಿತ್ತು, ವಾಸನೆ ಇಲ್ಲ. ಹಸಿಮೆಣಸಿನಕಾಯಿಯ ಉರಿ ಗೊತ್ತಾಗುತ್ತಿತ್ತು. ನಿಂಬೆಯ ಹುಳಿ ಗೊತ್ತಾಗುತ್ತಿತ್ತು, ನಿಂಬೆಹಣ್ಣು ಗೊತ್ತಾಗುತ್ತಿರಲಿಲ್ಲ. ಮೊಳಕೆ ಹೆಸರು, ಮಾವಿನಕಾಯಿ ತುರಿ, ಹುರಿಯದ ಶೇಂಗಾ, ಹೀಗೆ ದಿನಕ್ಕೊಂದು ಬೆರೆಸಿ ಕೊಟ್ಟೆ. ಮೊದಲು ಮುಗಿಸುತ್ತಿದ್ದಳು. ನಂತರ ಉಳಿಸತೊಡಗಿದಳು. ಎಲ್ಲ ಒಂದೇ, ನೀವು ಬಣ್ಣ ಬದಲಿಸುತ್ತೀರಿ ಅಷ್ಟೇ ಎಂದಳು. ಅದರಲ್ಲಿ ತಪ್ಪಿರಲಿಲ್ಲ. ಬಳೆಗಳು ಇದ್ದಲ್ಲಿಗೆ ಮರಳಲಿಲ್ಲ.

ಒಂದು ಮಧ್ಯಾಹ್ನ ಆರಲು ಹರವಿದ ಕಾಳನ್ನು ನೋಡುತ್ತಿದ್ದಾಗ ಅವ್ವನ ಪಚಡಿ ನೆನಪಾಯಿತು. ಮಕ್ತಲದ ನಮ್ಮ ಮನೆ, ಬೇಸಗೆ, ಹೊಸ್ತಿಲ ಒಳಗಡೆಯ ತಂಪು. ಅವ್ವ ಹಿತ್ತಾಳೆ ಬೋಗುಣಿಯಲ್ಲಿ ಆರಿದ ನವಣೆ ಅನ್ನಕ್ಕೆ ಹೆಚ್ಚಿದ ಸೌತೆಕಾಯಿ, ಹಸಿ ಉಳ್ಳಾಗಡ್ಡಿ, ಶೇಂಗಾ ಪುಡಿ ಹಾಕಿ, ಅದರ ಮೇಲೆ ಹುಣಸೆಯ ಎಳೆ ಚಿಗುರು ಉದುರಿಸಿ ಕೈಯಿಂದ ಕಲಸುತ್ತಿದ್ದಳು. ಅವಳ ಬಳೆಯ ಹಸಿರೂ ಚಿಗುರಿನ ಹಸಿರೂ ಒಟ್ಟಿಗೆ ಕಾಣುತ್ತಿದ್ದವು. ನವಣೆಯ ಜಾಗದಲ್ಲಿ ಕ್ವಿನೋವಾ ಇಟ್ಟರೆ ಮುಗಿಯಿತು, ಬಣ್ಣ ಕೂಡ ಹೆಚ್ಚುಕಡಿಮೆ ಅದೇ.

ಹೆಂಡತಿಗೆ ಹೇಳಿದೆ. ಅವಳು ಮೊದಲ ಸಲ ನನ್ನ ಅಡುಗೆಯ ವಿಷಯದಲ್ಲಿ ತಲೆ ಎತ್ತಿ ನೋಡಿದಳು.

"ನಿಮ್ಮವ್ವ ಚಿಗುರು ಹಾಕ್ತಿದ್ರಾ? ಯಾವಾಗ?"

ಬೇಸಗೆಯಲ್ಲಿ ಹಾಕುತ್ತಿದ್ದಳು ಎಂದೆ.

"ಅವ್ರು ಚಿಗುರು ಮುಟ್ಟತಿರಲಿಲ್ರೀ. ಹಲ್ಲು ಜುಂ ಅಂತಾವ ಅಂತಿದ್ರು. ಚಿಗುರು ನಿಮ್ಮ ಮನಿಗೆ ತಂದಾಕಿ ನಾನು."

ನಾನು ಪಾಠ ಹೇಳಿದ್ದೆಲ್ಲ ಸಾಕ್ಷಿ ಇಲ್ಲದೆ ಯಾವುದನ್ನೂ ಒಪ್ಪಬೇಡಿ ಎಂಬುದನ್ನೇ. ಒಬ್ಬರ ನೆನಪು ಸಾಕ್ಷಿಯಲ್ಲ, ಅದು ನನ್ನದಾದರೂ ಅಷ್ಟೇ. ಮಕ್ತಲದಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಅವ್ವನ ಅಡುಗೆ ಉಂಡವರಲ್ಲಿ ಈಗ ಉಳಿದಿರುವವರು ನಾವಿಬ್ಬರು ಮತ್ತು ನನ್ನ ಹೆಂಡತಿ. ಅಕ್ಕ ಪೂರ್ತಿ ಕೇಳಿಸಿಕೊಂಡು, ನವಣೆ ಯಾರ ಮನೆಯಲ್ಲಿತ್ತು, ನಾವು ಜೋಳ ತಿಂದು ಬೆಳೆದವರು ಎಂದಳು. ಹಾಗಾದರೆ ಪಚಡಿ?

"ಅವ್ವಂದು ಪಚಡಿ ಅಂದ್ರ ಮೂಲಂಗಿ, ಮೆಂತ್ಯ, ಉಳ್ಳಾಗಡ್ಡಿ ಹಸೇದು ಹೆಚ್ಚಿದ್ದು. ಚಿಗರಿಂದು ನಿನ್ನ ಹೆಂಡ್ತಿ ಊರಿಂದು ಪಚ್ಚಡಿ, ಅದು ರುಬ್ಬೋದು. ಎರಡೂ ಕಲಸಿ ಎಲ್ಲಿ ಉಂಡ್ಯೋ ತಮ್ಮಾ, ಕನಸಿನಾಗೇನು?"

ಆಮೇಲೆ ಅವಳಿಗೆ ಹಳೆಯದೊಂದು ನೆನಪಾಗಿ ನಗು ತಡೆಯಲಾಗಲಿಲ್ಲ. ತೆಲುಗಿನಲ್ಲಿ ಹುಣಸೆಗೆ ಚಿಂತ ಎನ್ನುತ್ತಾರೆ. ಹೊಸ ಸೊಸೆ ಮಕ್ತಲದ ಮನೆಗೆ ಉಡಿ ತುಂಬ ಎಳೆ ಎಲೆ ತಂದು ಚಿಂತ ಚಿಗುರು ತಂದಿದ್ದೇನೆ ಅಂದಾಗ ಅವ್ವ, ಬಂದ ವರ್ಷಾನೇ ಮನಿಗೆ ಚಿಂತಿ ಯಾಕ ತಂದೆವ್ವಾ ಅಂದಿದ್ದಳಂತೆ. ಇದನ್ನು ಅಕ್ಕ ನೂರಾರು ಸಲ ಹೇಳಿರಬೇಕು. ನನಗೆ ಆ ದಿನ ಹೊಸದಾಗಿ ಕೇಳಿದಂತಾಯಿತು.

ಫೋನು ಇಟ್ಟು ಅಂಗಳದಲ್ಲಿ ಆ ಕಡೆ ಈ ಕಡೆ ತಿರುಗಾಡಿದೆ. ಒಂದೇ ಮನೆಯಲ್ಲಿ ಒಂದು ಶಬ್ದಕ್ಕೆ ಎರಡು ಅಡುಗೆಗಳಿದ್ದವು. ಕನ್ನಡದ ಪಚಡಿಯನ್ನು ಹೆಚ್ಚುತ್ತಾರೆ, ತೆಲುಗಿನ ಪಚ್ಚಡಿಯನ್ನು ರುಬ್ಬುತ್ತಾರೆ. ಎರಡರ ನಡುವೆ ಬರಿಯ ಒಂದು ಒತ್ತಕ್ಷರ. ನನ್ನ ತಲೆ ಅದನ್ನು ಉಚ್ಚರಿಸುವ ಶ್ರಮ ತಪ್ಪಿಸಿಕೊಂಡು ಎರಡು ಹೆಂಗಸರನ್ನು ಒಂದೇ ಹೊಸ್ತಿಲಲ್ಲಿ ಕೂರಿಸಿ, ಇಲ್ಲದ ನವಣೆ ತಂದು, ಒಂದು ಕೈಗೆ ಬಳೆ ತೊಡಿಸಿತ್ತು. ಆ ಕೈ ಅವ್ವನದೋ, ಹೆಂಡತಿಯದೋ, ಈಗ ಬೇರ್ಪಡಿಸಲಾರೆ. ಬೋಗುಣಿಯಾದರೂ ಹಿತ್ತಾಳೆಯದಾಗಿತ್ತೇ ಎಂದು ಅಕ್ಕನನ್ನು ಕೇಳಲು ಧೈರ್ಯವಾಗಲಿಲ್ಲ.

ಆ ಅಡುಗೆ ಲೋಕದಲ್ಲಿ ಎಂದೂ ಇರಲಿಲ್ಲ, ಬಿಟ್ಟುಬಿಡೋಣ ಎಂದು ಹೆಂಡತಿಗೆ ಹೇಳಿದೆ. ಅವಳು ಬೇಡವೆಂದಳು.

"ಮಾಡ್ರಿ. ಚಿಗುರು ಅಂದಾಗಿಂದ ತಿನ್ನಬೇಕು ಅನಸಾಕತ್ತೈತಿ."

ತಿನ್ನಬೇಕು ಅನಿಸುತ್ತಿದೆ. ಆ ಜ್ವರದ ನಂತರ ಅವಳ ಬಾಯಿಂದ ನಾನು ಈ ಮಾತು ಕೇಳಿರಲಿಲ್ಲ. ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ಹೋದೆ. ಮಾಗನೂರಿನ ಕಡೆಯಿಂದ ಬಂದು ಸೊಪ್ಪು ಮಾರುವ ಹೆಂಗಸು ಒದ್ದೆ ಗೋಣಿಯ ಕೆಳಗೆ ಚಿಗುರು ಮುಚ್ಚಿಟ್ಟಿದ್ದಳು. ಬೆಳಿಗ್ಗೆ ಕಿತ್ತದ್ದು, ಎಳೆಯದು ಎಂದು ತೆಲುಗಿನಲ್ಲಿ ಹೇಳಿ, ಬೇಳೆಗೋ ಮಾಂಸಕ್ಕೋ ಎಂದು ಕೇಳಿದಳು. ಸಲಾಡಿಗೆ ಎಂದೆ. ಅವಳು ಪಕ್ಕದವಳನ್ನು ನೋಡಿದಳು.

ಆ ದಿನ ಎಂದಿಗಿಂತ ಹುಷಾರಾಗಿ ಕೆಲಸ ಮಾಡಿದೆ. ಕಾಳು ಬೇಯಿಸಿ, ಆರಿಸಿ, ನೀರಿನ ಮಡಕೆಯ ಪಕ್ಕದಲ್ಲಿಟ್ಟು ತಣ್ಣಗೆ ಮಾಡಿದೆ. ಸೌತೆಕಾಯಿಯ ಬೀಜ ತೆಗೆದೆ. ಚಿಗುರಿನ ನಾರು ಬಿಡಿಸಿ, ಅಂಗೈ ನಡುವೆ ಮೆಲ್ಲಗೆ ಉಜ್ಜಿದೆ. ಗದ್ವಾಲಿನ ಮನೆಯಲ್ಲಿ ಹಾಗೆ ಉಜ್ಜುವುದನ್ನು ನೋಡಿದ ನೆನಪು, ಅದೂ ನಿಜವಿದ್ದರೆ. ಉಪ್ಪು ಕೊನೆಗೆ ಹಾಕಿದೆ. ಅವಳು ಮಾಳಿಗೆಯಿಂದ ಇಳಿದು ಬಂದು, ಹಬ್ಬಕ್ಕೆ ಕೂತಂತೆ ಸೆರಗು ಸರಿಮಾಡಿಕೊಂಡು ಕೂತಳು.

ಮೊದಲ ತುತ್ತನ್ನು ಬಹಳ ಹೊತ್ತು ಅಗಿದಳು. ಕಣ್ಣು ಮುಚ್ಚಿಕೊಂಡಿದ್ದಳು. ಎರಡನೆಯದನ್ನು ಬಾಯಿಗೆ ಇಡುವ ಮೊದಲು ಬಟ್ಟಲನ್ನು ಮೂಗಿಗೆ ಹಿಡಿದಳು, ಅಂಚಿನ ಎಳೆ ಸುಟ್ಟು ಹಿಡಿಯುತ್ತಿದ್ದ ಹಾಗೆ.

"ಹುಳಿ ಐತಿ, ಉಪ್ಪೈತಿ" ಎಂದಳು. ಸ್ವಲ್ಪ ಬಿಟ್ಟು, "ಚಿಗುರಿಲ್ಲ."

ಅವಳು ಕಣ್ಣು ತೆರೆಯದೆ, ವಾಸನೆ ಹೇಗಿದೆ ನೀವಾದರೂ ಹೇಳಿ ಎಂದಳು. ಅವಳ ಬಾಯಿಗೆ ದಾರಿ ತೋರಿಸಿದರೆ ಸಾಕು, ಅದು ನಡೆದುಹೋಗುತ್ತದೆ ಎಂದುಕೊಂಡಿರಬೇಕು. ನಾನು ಒಂದು ಎಲೆ ಹಿಸುಕಿ ಮೂಗಿಗೆ ಹಿಡಿದೆ. ಹುಳಿ ವಾಸನೆ ಎಂದೆ. ಹುಳಿ ನನಗೆ ಗೊತ್ತಾಗುತ್ತದೆ, ಬೇರೆಯದು ಹೇಳಿ ಎಂದಳು. ಹಸಿ ವಾಸನೆ ಎಂದೆ. ಎಂಥ ಹಸಿ, ಹುಲ್ಲಿನದಾ, ಕೊತ್ತಂಬರಿಯದಾ? ಎಲೆಯನ್ನು ಮತ್ತೆ ಮೂಸಿದೆ. ಇಷ್ಟು ವರ್ಷ ಅವಳು ರುಬ್ಬಿ ಬಡಿಸಿದ್ದನ್ನು ಉಂಡಿದ್ದೆ, ಒಮ್ಮೆಯೂ ಅದರ ವಾಸನೆಗೆ ಮಾತು ಹುಡುಕಿರಲಿಲ್ಲ.

"ಸುಳ್ಳರ ಹೇಳ್ರಿ" ಎಂದಳು.

ಹೇಳಿದೆ. ಗಂಜಿ ಹಾಕಿ ಬಿಸಿಲಿಗೆ ಚಾಚಿದ ನೂಲಿನ ಮೇಲೆ ನೀರು ಚಿಮುಕಿಸಿದಂತೆ, ಅದರ ಹಿಂದೆ ಮಾವಿನ ಸೊನೆಯ ಒಂದು ಚುರುಕು, ಕೊನೆಗೆ ಸ್ವಲ್ಪ ಮಣ್ಣು. ಎಲೆಯಲ್ಲಿ ಅದರಲ್ಲೊಂದೂ ಇರಲಿಲ್ಲ. ಗದ್ವಾಲು ಎಂದೊಡನೆ ನನ್ನ ತಲೆಯಲ್ಲಿ ಏನು ಬಂತೋ ಅದನ್ನು ಒಂದಕ್ಕೊಂದು ಪೋಣಿಸಿದ್ದೆ. ಅವಳು ಅಗಿಯುತ್ತ ಕೇಳಿದಳು. ಇನ್ನೊಂದು ತುತ್ತು ತಿಂದಳು, ಮತ್ತೊಂದು. ನನಗೆ ಆಸೆಯಾಯಿತು. ನೂಲಿನ ಮಾತನ್ನು ಇನ್ನಷ್ಟು ಬೆಳೆಸಿದೆ.

ಆಮೇಲೆ ಅವಳ ದವಡೆ ನಿಂತಿತು. ಬಟ್ಟಲನ್ನು ನೆಲದ ಮೇಲೆ ಇಟ್ಟಳು.

"ಇಷ್ಟು ದಿನ ಬಾಯಾಗ ಇಲ್ಲದಿದ್ರೂ ತಲ್ಯಾಗ ಇತ್ರೀ. ಚಿಗುರು ಅಂದ್ರ ಹಿಂಗ ಅಂತ ಗೊತ್ತಿತ್ತು. ಈಗ ನೀವು ಹೇಳಿದ್ದ ಬರಾಕತ್ತೈತಿ, ನೂಲು, ಮಣ್ಣು. ನಂದು ಎಲ್ಲಿ ಹೋತೋ."

ನಾನು ಹೇಳಿದ್ದು ಸುಳ್ಳು, ಅದನ್ನು ಬಿಟ್ಟುಬಿಡು ಎಂದೆ. ಬಿಡಲು ನೋಡುತ್ತಿದ್ದೇನೆ ಎಂದಳು. ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದಳು. ಒಳಗೆ ಎಲ್ಲೋ ಹುಡುಕುತ್ತಿದ್ದಳು, ರೆಪ್ಪೆಗಳು ಅಲುಗುತ್ತಿದ್ದವು. ಆಮೇಲೆ ಎದ್ದು ಕೈ ತೊಳೆದುಕೊಂಡಳು. ಸೌತೆಕಾಯಿ ನೀರು ಬಿಟ್ಟು, ಬಟ್ಟಲಿನಲ್ಲಿ ಕಾಳು ತೇಲುತ್ತಿತ್ತು.

ಈಗಲೂ ದಿನವೂ ಮಾಡುತ್ತೇನೆ. ಕ್ವಿನೋವಾ, ಸೌತೆಕಾಯಿ, ನಿಂಬೆ, ಉಪ್ಪು. ಬೇರೆ ಏನನ್ನೂ ಹಾಕುವುದಿಲ್ಲ, ಹಾಕಿದರೂ ಹೆಸರು ಹೇಳುವುದಿಲ್ಲ. ಅವಳು ಗುಳಿಗೆ ನುಂಗುವಂತೆ ಒಂದಿಷ್ಟು ತಿನ್ನುತ್ತಾಳೆ. ಮುಂದಿನ ವಾರ ರಾಯಚೂರಿಗೆ ಹೋಗಬೇಕು, ಅಲ್ಲಿ ಅವಳು ತೂಕದ ಯಂತ್ರದ ಮೇಲೆ ನಿಲ್ಲುತ್ತಾಳೆ. ಬಳೆಗಳನ್ನು ಅವಳು ತೆಗೆದಿಟ್ಟಿದ್ದಾಳೆ, ಹಾಗಾಗಿ ನನಗೆ ನೋಡಿ ತಿಳಿಯಲು ಏನೂ ಇಲ್ಲ.

ನಿನ್ನೆ ಬಸ್ ಸ್ಟ್ಯಾಂಡಿನ ಮುಂದೆ ಹೋಗುವಾಗ ಆ ಸೊಪ್ಪಿನ ಹೆಂಗಸು ಕರೆದು, ಇನ್ನು ಚಿಗುರು ಬಲಿಯುತ್ತದೆ, ಇದೇ ಕೊನೆಯದು ಎಂದಳು. ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದೆ. ಗಂಜಿ ನೂಲಿನ ವಾಸನೆ ಬಂತು. ಇನ್ನೊಮ್ಮೆ ಹಿಡಿದೆ, ಅದೇ ಬಂತು. ಹಿಡಿಯನ್ನು ಗೋಣಿಯ ಮೇಲೆ ಇಟ್ಟು, ಬೇಡವೆಂದು ಕೈಯಾಡಿಸಿ, ಸೌತೆಕಾಯಿ ಮಾರುವವನ ಕಡೆ ನಡೆದೆ.